ಹೊಳೆ ದಾಟಿಸಿದವನಿಗೆ ಹೆಚ್ಚು ಅಂಕ

ಜಗತ್ತಿನ ಮಹಾ ದಂಡನಾಯಕರು ಯಾರು ಎಂದು ಕೇಳಿದರೆ ಎಲ್ಲರ ಪಟ್ಟಿಯೂ ಅಲೆಕ್ಸಾಂಡರ್, ಹ್ಯಾನಿಬಲ್, ಚೆಂಗೀಸ್ ಖಾನ್, ನೆಪೋಲಿಯನ್ ಎಂದೇ ಶುರುವಾಗುತ್ತದೆ. ಹೂವಿನ ಹಿಪ್ಪರಗಿಯ ಚಹಾದಂಗಡಿಯಲ್ಲಿ ಆ ಪಟ್ಟಿ ಓದಿದರೆ ತಕರಾರು ಖಾತ್ರಿ. “ಅವ್ರೆಲ್ಲಾ ಇರ್ಲಿ ಬಿಡ್ರಿ ಸರ, ಪುಲಕೇಶಿ ಎಲ್ಲಿದ್ದಾನ್ರಿ? ಕೃಷ್ಣದೇವರಾಯ ಎಲ್ಲಿ?” ತಕರಾರು ನ್ಯಾಯದ್ದೇ. ಆದರೆ ಅಭಿಮಾನಕ್ಕೆ ಅಳತೆಗೋಲು ಬೇಡ, ನನಗೆ ಬೇಕು. ಎಷ್ಟು ರಾಜ್ಯ ಗೆದ್ದ, ಎಷ್ಟು ಮಂದಿಯನ್ನು ಕೊಂದ ಎಂಬುದು ಅಳತೆಯಲ್ಲ. ಬೊಕ್ಕಸ ತುಂಬಿದ್ದು ಎದುರಾಳಿ ಮೆತ್ತಗಿದ್ದರೆ ಸಾಧಾರಣದವನೂ ಗೆಲ್ಲುತ್ತಾನೆ. ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಆಚೆ ದಡದಲ್ಲಿ ವೈರಿ ಕಾಯುತ್ತ ನಿಂತಿದ್ದಾಗ ಇವನು ತನ್ನ ದಂಡನ್ನು ಹೊಳೆ ದಾಟಿಸಿದ್ದು ಹೇಗೆ?

ಹೊಳೆಯ ನಡುವೆ ಇರುವಾಗಿನಷ್ಟು ಸೈನ್ಯ ಬೇರೆ ಯಾವಾಗಲೂ ಬಡವಾಗಿರುವುದಿಲ್ಲ. ಅರ್ಧ ಮಂದಿ ಈಚೆ, ಅರ್ಧ ಆಚೆ. ತೋಪಿನ ಗಾಲಿ ಉಸುಕಿನಲ್ಲಿ, ಮದ್ದು ನೀರಿನಲ್ಲಿ. ಅಲೆಕ್ಸಾಂಡರನನ್ನು ನಾನು ಪಟ್ಟಿಯಲ್ಲಿ ಉಳಿಸಿಕೊಂಡದ್ದು ಪರ್ಷಿಯಾ ಗೆದ್ದದ್ದಕ್ಕಲ್ಲ, ಕ್ರಿ.ಪೂ. 326ರಲ್ಲಿ ಝೇಲಂ ದಾಟಿದ್ದಕ್ಕೆ. ಎದುರು ದಡದಲ್ಲಿ ಪೋರಸ್ ಆನೆಗಳನ್ನು ಸಾಲು ನಿಲ್ಲಿಸಿದ್ದ. ಅಲೆಕ್ಸಾಂಡರ್ ದಿನಾ ರಾತ್ರಿ ದಂಡೆಗುಂಟ ಕುದುರೆ ಓಡಿಸಿ ಗದ್ದಲ ಎಬ್ಬಿಸಿದ. ಪೋರಸ್ ಪ್ರತಿಸಲ ಎದ್ದು ಓಡಿ ಬಂದು ಬೇಸತ್ತು, ಕೊನೆಗೆ ಏಳುವುದನ್ನೇ ಬಿಟ್ಟ. ಆಮೇಲೆ ಒಂದು ಮಳೆಯ ರಾತ್ರಿ ಸುಮಾರು 17 ಮೈಲಿ ಮೇಲಕ್ಕೆ ಹೋಗಿ ಅಲೆಕ್ಸಾಂಡರ್ ದಾಟಿಬಿಟ್ಟ. ಯುದ್ಧಕಲೆ ಬಲ್ಲವರೆಲ್ಲ ಇದನ್ನು ಹೊಗಳುತ್ತಾರೆ. ಅದೇ ಜಾತಿಯ ಕೆಲಸ ನಮ್ಮ ಕೃಷ್ಣೆಯ ದಂಡೆಯಲ್ಲೂ ನಡೆದದ್ದನ್ನು ಮಾತ್ರ ನಾವೇ ಹೇಳಿಕೊಳ್ಳುವುದಿಲ್ಲ, ಏಕೆಂದರೆ ಆ ಯುದ್ಧದ ನೆನಪೆಲ್ಲ ಸೋಲಿನ ಕಡೆಗೇ ಹರಿಯುತ್ತದೆ.

1564ರ ಡಿಸೆಂಬರ್ ಕೊನೆಗೆ ವಿಜಯಪುರದ ಒಂದನೇ ಅಲಿ ಆದಿಲಶಾಹ, ಅಹಮದನಗರದ ಹುಸೇನ ನಿಜಾಮಶಾಹ, ಗೋಲ್ಕೊಂಡದ ಇಬ್ರಾಹಿಂ ಕುತುಬಶಾಹ, ಬೀದರಿನ ಅಲಿ ಬರೀದಶಾಹ, ನಾಲ್ವರ ದಂಡೂ ವಿಜಯನಗರದ ಮೇಲೆ ಹೊರಟು ತಾಳಿಕೋಟಿಯಲ್ಲಿ ಬಂದು ಬಿಡಾರ ಹೂಡಿತು. ಯುದ್ಧಕ್ಕೆ ಆ ಊರಿನ ಹೆಸರು ಅಂಟಿಕೊಂಡದ್ದು ಈ ಬಿಡಾರದಿಂದ. ಕಾದಾಟ ನಡೆದದ್ದು ಅಲ್ಲಿಂದ ಎಷ್ಟೋ ದೂರ. ನಮ್ಮವರು ರಕ್ಕಸಗಿ–ತಂಗಡಗಿ ಎನ್ನುತ್ತಾರೆ, ಇತಿಹಾಸಕಾರ ರಾಬರ್ಟ್ ಸಿವೆಲ್ ತನ್ನ 1900ರ ಪುಸ್ತಕದಲ್ಲಿ ಹೊಳೆಯ ದಕ್ಷಿಣಕ್ಕೆ ಗುರುತಿಸುತ್ತಾನೆ. ನನ್ನ ಗಮನ ಇರುವುದು ತಿಂಗಳಿನ ಮೇಲೆ. ಡೋಣಿ ಹೊಳೆಯ ದಂಡೆಯ ಎರಿ ಭೂಮಿ ಮಳೆಗಾಲದಲ್ಲಿ ಏನು ಮಾಡುತ್ತದೆಂದು ಚಕ್ಕಡಿ ಹೂಡಿದ ಯಾವ ರೈತನನ್ನು ಕೇಳಿದರೂ ಹೇಳುತ್ತಾನೆ. ಖಾಲಿ ಗಾಡಿಯೇ ಅಚ್ಚಿನ ತನಕ ಹೂತುಹೋಗುವ ನೆಲದಲ್ಲಿ ತೋಪು ಎಳೆಯುವುದುಂಟೆ? ಜನವರಿಗೆ ನೆಲ ಬಿಗಿದಿರುತ್ತದೆ, ಹೊಳೆ ಇಳಿದಿರುತ್ತದೆ, ಬಿಳಿಜೋಳ ಕಾಳುಗಟ್ಟಿ ಸೀತನಿ ಹಂಗಾಮು ಬಂದಿರುತ್ತದೆ. ಕುದುರೆಗೆ ಮೇವು, ಮಂದಿಗೆ ಊಟ ಹೊಲದಲ್ಲೇ ನಿಂತಿರುತ್ತದೆ. ಪಾಪ, ಆ ವರ್ಷ ಆ ಹೊಲಗಳ ರೈತರ ಪಾಡನ್ನು ಯಾವ ತವಾರೀಖಿನವನೂ ಬರೆದಿಲ್ಲ.

ಹೊಳೆಗೆ ಬಂದರೆ ದಾಟುವ ಒಳ್ಳೆಯ ಜಾಗವನ್ನು ವಿಜಯನಗರದ ದಂಡು ಆಗಲೇ ಹಿಡಿದುಕೊಂಡಿತ್ತು. ದಡದಲ್ಲಿ ಮಣ್ಣಿನ ಒಡ್ಡು, ಒಡ್ಡಿನ ಮೇಲೆ ತೋಪು. ಆ ಜಾಗ ಇಂಗಳಗಿ ಇರಬೇಕೆಂದು ಸಿವೆಲ್ ಊಹೆ. ಅಲ್ಲಿ ನುಗ್ಗಿದ್ದರೆ ನಾಲ್ಕೂ ಸುಲ್ತಾನರ ಕಥೆ ನೀರಿನಲ್ಲೇ ಮುಗಿಯುತ್ತಿತ್ತು. ಅವರು ನುಗ್ಗಲಿಲ್ಲ. ಬೇರೆ ಜಾಗ ಹುಡುಕುವವರಂತೆ ದಂಡೆಗುಂಟ ನಡೆಯತೊಡಗಿದರು. ಎದುರು ದಡದಲ್ಲಿ ವಿಜಯನಗರದವರೂ ಸರಿಸಮ ನಡೆದರು, ಕಾವಲಿನ ಜಾಗ ಬಿಟ್ಟು. ಮೂರನೆಯ ರಾತ್ರಿ ಸುಲ್ತಾನರ ದಂಡು ಸದ್ದಿಲ್ಲದೆ ಡೇರೆ ಕಿತ್ತು ಹಿಂದಕ್ಕೆ ತಿರುಗಿತು. ದಿನಗಟ್ಟಲೆ ನಡೆದ ದಾರಿಯನ್ನು ರಾತ್ರಿಯೊಂದರಲ್ಲಿ ಹಿಂದೆ ಹಾಕಿ, ಮೊದಲು ಬಿಟ್ಟ ಜಾಗದಲ್ಲೇ ಅಡ್ಡಿಯಿಲ್ಲದೆ ದಾಟಿತು. ತವಾರೀಖು ಬರೆದ ಫಿರಿಷ್ತಾ ಇದನ್ನು ಮಿತ್ರರೆಲ್ಲರ ಖಾತೆಗೆ ಹಾಕುತ್ತಾನೆ, ನಾನೂ ಹಾಗೇ ಅಂಕ ಹಂಚುತ್ತೇನೆ. ಒಬ್ಬರನ್ನೊಬ್ಬರು ನಂಬದ ನಾಲ್ಕು ರಾಜರ ಸೈನ್ಯ ರಾತ್ರಿಯಲ್ಲಿ ಗೊಂದಲವಿಲ್ಲದೆ ಹೊರಳಿ ಬಂತಲ್ಲ, ಅಷ್ಟೇ ಸಾಕು ಪೂರ್ತಿ ಅಂಕಕ್ಕೆ. ಇವತ್ತು ಆ ದಂಡೆಗೆ ಹೋದರೆ ಅಂದಿನ ಹೊಳೆ ಸಿಗುವುದಿಲ್ಲ. ಆಲಮಟ್ಟಿ, ನಾರಾಯಣಪುರದ ಆಣೆಕಟ್ಟುಗಳು ನೀರಿನ ನಡತೆಯನ್ನೇ ಬದಲಿಸಿವೆ.

1565ರ ಜನವರಿ 23, ಮಂಗಳವಾರ. ನಡುವೆ ಹುಸೇನ, ಬಲಕ್ಕೆ ಅಲಿ ಆದಿಲಶಾಹ, ಎಡಕ್ಕೆ ಉಳಿದಿಬ್ಬರು. ಹುಸೇನನ ತೋಪಿನ ಯಜಮಾನ ಚಲಬಿ ರೂಮಿಖಾನ ಆರುನೂರು ತೋಪುಗಳನ್ನು ಮೂರು ಸಾಲು ನಿಲ್ಲಿಸಿದ್ದ: ಮುಂದೆ ಭಾರದವು, ನಡುವೆ ಮಧ್ಯಮ, ಹಿಂದೆ ಹಗುರ. ಅವು ಕಾಣದಂತೆ ಎದುರಿಗೆ ಎರಡು ಸಾವಿರ ಬಿಲ್ಲಾಳುಗಳು. ವಿಜಯನಗರದ ಆಡಳಿತ ಹಿಡಿದಿದ್ದ ರಾಮರಾಯ ಪಲ್ಲಕ್ಕಿಯಲ್ಲಿ ಬಂದ. ಕುದುರೆ ಏರಿರೆಂದು ಸರದಾರರು ಬೇಡಿಕೊಂಡರೂ, ಹುಡುಗರ ಜೊತೆಗಿನ ಜಗಳಕ್ಕೆ ಅಷ್ಟೆಲ್ಲ ಏಕೆ ಎಂದನಂತೆ. ಮೊದಲ ಏಟು ಅವನದೇ. ಅವನ ತಮ್ಮಂದಿರಾದ ತಿರುಮಲ, ವೆಂಕಟಾದ್ರಿ ಎರಡೂ ಪಕ್ಕಗಳನ್ನು ಹಿಂದಕ್ಕೆ ತಳ್ಳಿದರು. ಆಗ ಹುಸೇನ ಓಡಿದ್ದರೆ ನಾವು ಬೇರೆ ಇತಿಹಾಸ ಓದುತ್ತಿದ್ದೆವು. ಅವನು ಜಾಗ ಕದಲಲಿಲ್ಲ. ರಾಮರಾಯ ಪಲ್ಲಕ್ಕಿಯಿಂದಿಳಿದು ಸಿಂಹಾಸನದ ಮೇಲೆ ಕೂತು, ಎದುರಿಗೆ ಹಣದ ರಾಶಿ ಹಾಕಿಸಿ, ಗೆದ್ದವರಿಗೆ ಇನಾಮು ಎಂದು ಕೂಗಿಸುತ್ತಿದ್ದಾಗ ಬಿಲ್ಲಾಳುಗಳು ಪಕ್ಕಕ್ಕೆ ಸರಿದರು. ತಾಮ್ರದ ನಾಣ್ಯದ ಚೀಲ ತುಂಬಿದ ತೋಪುಗಳು ಮಗ್ಗುಲಿನಿಂದಲೇ ಹಾರಿದವು. ಆ ಸಂದಿಯಲ್ಲಿ ನುಗ್ಗಿದ್ದು ವಿಜಯಪುರದ ಕಿಶ್ವರಖಾನ ಲಾರಿಯ ಕುದುರೆ ದಂಡು. ಹಣವನ್ನು ಒಬ್ಬ ಎದುರಿಗೆ ಸುರಿದುಕೊಂಡ, ಇನ್ನೊಬ್ಬ ತೋಪಿಗೆ ತುಂಬಿದ! ಇದೆಲ್ಲ ಫಿರಿಷ್ತಾ ಹೇಳಿದ್ದು. ಅವನು ಬರೆದದ್ದು ಯುದ್ಧವಾಗಿ ಎಷ್ಟೋ ವರ್ಷದ ಮೇಲೆ, ವಿಜಯಪುರದ ಆಸ್ಥಾನದಲ್ಲಿ ಕೂತು, ಆದ್ದರಿಂದ ಸಿಂಹಾಸನದ ಕಥೆಗೆ ಒಂದು ಚಿಟಿಕೆ ಉಪ್ಪು ಹೆಚ್ಚಿರಬಹುದು.

“ಮೋಸ ಆತ್ರಿ, ಇಲ್ಲಂದ್ರ ಸೋಲ್ತಿದ್ದಿಲ್ಲ” ಎನ್ನುವವರಿಗೆ ಆಧಾರ ಇಲ್ಲದಿಲ್ಲ. 1567ರಲ್ಲಿ ಹಾಳು ವಿಜಯನಗರಕ್ಕೆ ಬಂದ ವೆನಿಸ್‌ನ ವ್ಯಾಪಾರಿ ಚೆಸಾರೆ ಫೆದೆರಿಚಿ, ರಾಮರಾಯನ ಇಬ್ಬರು ಮುಸ್ಲಿಂ ಸರದಾರರು ಕಣದಲ್ಲೇ ಪಕ್ಷ ಬದಲಿಸಿದರೆಂದು ಬರೆದಿದ್ದಾನೆ. ಇರಬಹುದು. ಆದರೆ ಹೊಳೆಯ ಕಾವಲು ಕೈಬಿಟ್ಟದ್ದು ಅದಕ್ಕೂ ಮೊದಲು, ಅದಕ್ಕೆ ಯಾರ ಮೋಸವೂ ಕಾರಣವಲ್ಲ. ರಾಮರಾಯ ದೊಡ್ಡ ರಾಜಕಾರಣಿ. ಇಪ್ಪತ್ತು ವರ್ಷ ಒಬ್ಬ ಸುಲ್ತಾನನನ್ನು ಇನ್ನೊಬ್ಬನ ಮೇಲೆ ಬಿಟ್ಟು ಆಟ ಆಡಿಸಿದವನು. ದಂಡನಾಯಕರ ಪಟ್ಟಿಯಲ್ಲಿ ಮಾತ್ರ ಅವನಿಗೆ ನನ್ನಲ್ಲಿ ಜಾಗವಿಲ್ಲ.

ವಿಜಯಪುರದ ಶೇರ್ಜಾ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪಿನ ಬೆನ್ನು ತಟ್ಟುತ್ತ ‘ತಾಳಿಕೋಟಿ ಗೆದ್ದ ನಮ್ಮ ತೋಪು’ ಎನ್ನುವವರು ಸಿಗುತ್ತಾರೆ. ಅದನ್ನು 1549ರಲ್ಲಿ ಎರಕ ಹೊಯ್ದವನು ಮುಹಮ್ಮದ್ ಬಿನ್ ಹಸನ್ ರೂಮಿ, ಅಹಮದನಗರದಲ್ಲಿ. ತೂಕ ಸುಮಾರು 55 ಟನ್. ವಿಜಯಪುರಕ್ಕೆ ಬಂದದ್ದು 1632ರಲ್ಲಿ, ಪರಂಡಾದಿಂದ ಗೆದ್ದ ಮಾಲಾಗಿ. 1565ರ ದಿನ ಅದು ‘ನಮ್ಮದು’ ಆಗಿರಲಿಲ್ಲ.

ಈಗ ಕೃಷ್ಣದೇವರಾಯ. 1520ರ ಮೇ 19, ರಾಯಚೂರಿನ ಹತ್ತಿರ. ಇಸ್ಮಾಯಿಲ್ ಆದಿಲಶಾಹ ಕೃಷ್ಣೆಯನ್ನು ದಾಟಿದ್ದೇನೋ ಸರಿ, ಬೆನ್ನ ಹಿಂದೆ ಹೊಳೆಯನ್ನೇ ಇಟ್ಟುಕೊಂಡು ಕಾದಾಟಕ್ಕೆ ನಿಂತ. ಕುಡಿದ ಅಮಲಿನಲ್ಲಿ ದಾಟಿದನೆಂದು ಫಿರಿಷ್ತಾ ಕಥೆ ಹೇಳುತ್ತಾನೆ, ತನ್ನ ಧಣಿಗಳ ಮನೆತನದ ಸೋಲಿಗೆ ಹೆಂಡವನ್ನು ಹೊಣೆ ಮಾಡುವುದು ಸುಲಭವಲ್ಲವೆ? ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದದ್ದು ಬೇರೆ. ವಿಜಯಪುರದ ತೋಪುಗಳೆಲ್ಲ ಒಮ್ಮೆಲೇ ಹಾರಿ ವಿಜಯನಗರದ ಮುಂದಿನ ಸಾಲು ಚದುರಿತು. ರಾಯ ತನ್ನ ಉಂಗುರ ಬಿಚ್ಚಿ ಸೇವಕನಿಗೆ ಕೊಟ್ಟು, ತಾನು ಸತ್ತರೆ ರಾಣಿಯರಿಗೆ ತೋರಿಸೆಂದು ಹೇಳಿ, ಎರಡನೆಯ ದಂಡನ್ನು ತಾನೇ ನಡೆಸಿದ. ಒಮ್ಮೆ ಹಾರಿಸಿದ ತೋಪನ್ನು ಮತ್ತೆ ತುಂಬುವುದರೊಳಗೆ ಕುದುರೆಗಳು ಮೈಮೇಲಿದ್ದವು. ಬೆನ್ನ ಹಿಂದಿನ ಹೊಳೆ ಉಳಿದ ಕೆಲಸ ಮಾಡಿತು. ಮುರಿದ ಸಾಲನ್ನು ಮತ್ತೆ ಕಟ್ಟಿ ಗೆಲ್ಲುವುದು ಅಪರೂಪದ ವಿದ್ಯೆ, ಅದಕ್ಕೆ ಅವನಿಗೆ ನನ್ನ ಪಟ್ಟಿಯಲ್ಲಿ ಮೇಲಿನ ಜಾಗ. ತೋಪನ್ನು ನೆಚ್ಚದೆ ಗೆದ್ದ ವಿಜಯನಗರ ಅದನ್ನು ಹಗುರವಾಗಿ ಕಂಡಿತು, ತೋಪಿದ್ದೂ ಸೋತ ವಿಜಯಪುರ ಪಾಠ ಕಲಿಯಿತು ಎಂಬ ಇತಿಹಾಸಕಾರ ರಿಚರ್ಡ್ ಈಟನ್‌ರ ವಾದವೂ ನನಗೆ ಒಪ್ಪಿಗೆ. 1565ರ ಬೇರು 1520ರಲ್ಲಿದೆ.

ಪುಲಕೇಶಿಯ ಬಗ್ಗೆ ಸಿಟ್ಟಾಗಬೇಡಿ. ನರ್ಮದೆಯ ಆಚೆಗೆ ಹರ್ಷನನ್ನು ತಡೆದವನು ಅವನು. 634ರ ಐಹೊಳೆಯ ಶಾಸನ ಅದನ್ನು ಹೇಳುತ್ತದೆ. ವಿಜಯಪುರದ ಹೆಸರು ಹೊತ್ತ 619ರ ತಾಮ್ರಪಟವೂ ಹೇಳುತ್ತದೆ. ಆದರೆ ಐಹೊಳೆಯ ಶಾಸನ ರಚಿಸಿದ ರವಿಕೀರ್ತಿ ಕವಿ, ಬಿದ್ದ ಆನೆಗಳನ್ನು ತೋರಿಸುತ್ತಾನೆಯೇ ಹೊರತು ದಂಡು ನಿಂತ ಜಾಗವನ್ನಲ್ಲ. ಉತ್ತರಪತ್ರಿಕೆ ಇಲ್ಲದೆ ಫಲಿತಾಂಶ ಮಾತ್ರ ನೋಡಿ ಅಂಕ ಕೊಡಲು ನನ್ನ ಕೈ ಬರುವುದಿಲ್ಲ.

ನಮ್ಮ ಕಾಲದವರಲ್ಲಿ ಮಡಿಕೇರಿಯ ಜನರಲ್ ತಿಮ್ಮಯ್ಯನವರಿಗೆ ಧಾರಾಳ ಅಂಕ. 1948ರ ನವೆಂಬರ್ 1ರಂದು 11,000 ಅಡಿಗೂ ಎತ್ತರದ ಝೋಜಿಲಾ ಕಣಿವೆಗೆ ಟ್ಯಾಂಕು ಹತ್ತಿಸಿದರು. ಗೋಪುರ ಬಿಚ್ಚಿ, ಮುಸುಕು ಹಾಕಿ, ಗುಟ್ಟಾಗಿ ಅಲ್ಲಿಯವರೆಗೆ ಸಾಗಿಸಿದ್ದೇ ಅರ್ಧ ಗೆಲುವು. ಅಲ್ಲಿ ಟ್ಯಾಂಕು ಬಂದೀತೆಂದು ಎದುರಿನವನು ಕನಸಿನಲ್ಲೂ ಎಣಿಸಿರಲಿಲ್ಲ.

ಮೊದಲ ಜಾಗ ನಾನು ಕೊಡುವುದು ಕನ್ನಡಿಗನಿಗಲ್ಲ, ಈ ನೆಲದಲ್ಲಿ ಹುಟ್ಟಿದವನಿಗೂ ಅಲ್ಲ. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ ದಖ್ಖನಿಗೆ ಬಂದ ಮಲಿಕ್ ಅಂಬರ್. ಕೆಲಕಾಲ ವಿಜಯಪುರದ ನೌಕರಿಯಲ್ಲೂ ಇದ್ದ. ಆಮೇಲೆ ಬೆರಳೆಣಿಕೆಯ ಸವಾರರೊಂದಿಗೆ ಅಹಮದನಗರಕ್ಕೆ ಮರಳಿ, ಅಕ್ಬರ ಮತ್ತು ಜಹಾಂಗೀರ ಇಬ್ಬರ ದಂಡನ್ನೂ ಕಾಲು ಶತಮಾನ ತಡೆದು ನಿಲ್ಲಿಸಿದ. ಎದುರು ನಿಲ್ಲುವುದಕ್ಕಿಂತ ಮೊಗಲರ ಸಾಮಾನು ಗಾಡಿಗಳನ್ನು ಕಡಿಯುವುದು, ರಾತ್ರಿ ಕಾಡುವುದು ಅವನ ದಾರಿ. 1624ರಲ್ಲಿ ಮೊಗಲರೂ ವಿಜಯಪುರದವರೂ ಒಂದಾಗಿ ಬಂದರು. ಅಂಬರನಿಗೆ ಆಗ ಎಪ್ಪತ್ತೈದು ದಾಟಿತ್ತು. ಅಹಮದನಗರದ ಹತ್ತಿರದ ಭಾತವಡಿಯಲ್ಲಿ ಕೆರೆಯ ಒಡ್ಡು ಒಡೆದು ಶತ್ರುವಿನ ಬಿಡಾರಕ್ಕೆ ನೀರು ಬಿಟ್ಟ. ಮಳೆ, ಕೆಸರು, ದವಸದ ಕೊರತೆ ಸೇರಿ ಅರ್ಧ ಸೈನ್ಯ ಕಾದಾಡುವ ಮೊದಲೇ ಸೋತಿತ್ತು. ಉಳಿದ ದಂಡನಾಯಕರು ಹೊಳೆಯನ್ನು ದಾಟುವ ಜಾಗ ಹುಡುಕಿದರೆ, ಇವನು ನೀರನ್ನೇ ಕರೆದು ತನ್ನ ಪಡೆಗೆ ಸೇರಿಸಿಕೊಂಡ. ಅಂದು ಅವನ ಕಡೆ ಕಾದಾಡಿದವರಲ್ಲಿ ಶಿವಾಜಿಯ ತಂದೆ ಶಹಾಜಿಯೂ ಇದ್ದ.

ಗೆದ್ದವನು ನೇರ ನಮ್ಮ ಕಡೆಗೆ ಬಂದ. ಎರಡನೇ ಇಬ್ರಾಹಿಂ ಆದಿಲಶಾಹ ತೊರವಿಯ ಬಳಿ 1599ರಿಂದ ಕಟ್ಟಿಸುತ್ತಿದ್ದ ನವರಸಪುರವನ್ನು ಲೂಟಿ ಮಾಡಿ, ವಿಜಯಪುರಕ್ಕೆ ಮುತ್ತಿಗೆ ಹಾಕಿದ. ಕೋಟೆ ದಕ್ಕಲಿಲ್ಲ, ಬಯಲಿನ ಹುಲಿಗೆ ಗೋಡೆ ಹತ್ತುವ ವಿದ್ಯೆ ಅಷ್ಟಾಗಿ ಇರಲಿಲ್ಲವೆನ್ನಿ, ಅದಕ್ಕೆ ಅಂಕ ಕಳೆದಿದ್ದೇನೆ. 1626ರಲ್ಲಿ ಅವನು ಸತ್ತಾಗ, ಬದುಕಿದ್ದಷ್ಟು ಕಾಲ ಅವನನ್ನು ಬೈದ ಜಹಾಂಗೀರನ ಆಸ್ಥಾನದವನೇ ಆದ ಮುತಮದ್ ಖಾನ್, ದಂಡು ನಡೆಸುವುದರಲ್ಲಿ ಅವನಿಗೆ ಸರಿಸಾಟಿ ಇರಲಿಲ್ಲವೆಂದು ಬರೆದ. ಪಕ್ಷಪಾತವೆಂದು ಆ ತೀರ್ಪನ್ನು ತಳ್ಳಿಹಾಕುವುದಾದರೂ ಹೇಗೆ?