ಹಿಂದಿನ ಬೆಂಚು ಹಾಡುತ್ತದೆಯೇ?

ವೈ.ಎನ್.ಹೊಸಕೋಟೆಯಂಥ ಊರಲ್ಲಿ ಗುಂಪಾಗಿ ಹಾಡುವುದನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ. ಭಜನೆಯಲ್ಲಿ ಒಬ್ಬ ಸಾಲು ಎತ್ತಿಕೊಡುತ್ತಾನೆ, ಕೂತವರೆಲ್ಲ ಹಿಡಿಯುತ್ತಾರೆ. ಪಾವಗಡ ತಾಲ್ಲೂಕಿನ ಗಡಿ ಬಹುಪಾಲು ಆಂಧ್ರದ ಕಡೆಗೇ ಇರುವುದರಿಂದ ಕನ್ನಡದ ಪದ ಮುಗಿದ ಮೇಲೆ ತೆಲುಗಿನದು ಬಂದರೂ ಹಾಡುವವರಿಗೆ ಅದೇನೂ ವಿಶೇಷವಲ್ಲ. ಶ್ರುತಿ ಒಂದಿಷ್ಟು ಆಚೀಚೆಯಾಯಿತೆಂದು ಯಾರೂ ಬಾಯಿ ಮುಚ್ಚಿಕೊಳ್ಳುವುದಿಲ್ಲ. ಚರ್ಚಿನ ಕ್ವಾಯರ್ ಮಾಸ್ಟರರ ಕೆಲಸವನ್ನು ತೂಗಿ ನೋಡಲು ನಾನು ನಿಲ್ಲುವ ಜಾಗ ಇದು. ಕ್ರಿಸ್‌ಮಸ್ ರಾತ್ರಿ ಕ್ವಾಯರ್ ಎಷ್ಟು ಚೆನ್ನಾಗಿ ಹಾಡಿತು ಅನ್ನುವುದು ನನಗೆ ಮುಖ್ಯವಲ್ಲ. ಹಬ್ಬವಿಲ್ಲದ ಒಂದು ಸಾದಾ ಭಾನುವಾರ ಹಿಂದಿನ ಬೆಂಚಿನವರು ಹಾಡಿದರೇ, ಅಷ್ಟು ಹೇಳಿ.

ಇದು ಹೊರಗಿನವನೊಬ್ಬ ತಂದು ಹೇರುವ ಅಳತೆಗೋಲಲ್ಲ. ನಮ್ಮ ತುಮಕೂರು ಸೀಮೆಗೆ 19ನೆಯ ಶತಮಾನದಲ್ಲಿ ಬಂದದ್ದು ವೆಸ್ಲಿಯನ್ ಮಿಷನ್. ಗುಬ್ಬಿಯಲ್ಲಿದ್ದು ಕನ್ನಡ ಕಲಿತ ವಿಲಿಯಂ ಆರ್ಥರ್ ಮೈಸೂರು ಸೀಮೆಯ ಮಿಷನ್ ಬಗ್ಗೆ 1847ರಲ್ಲಿ ಪುಸ್ತಕವನ್ನೇ ಬರೆದರು. ಆ ಪಂಥದ ಮೂಲಪುರುಷ ಜಾನ್ ವೆಸ್ಲಿ 1761ರಲ್ಲೇ ಹಾಡುವವರಿಗೆ ಕೆಲವು ಸೂಚನೆ ಕೊಟ್ಟಿದ್ದ: ಎಲ್ಲರೂ ಹಾಡಬೇಕು, ಅರೆನಿದ್ದೆಯಲ್ಲಿದ್ದಂತೆ ಹಾಡಬಾರದು, ಪಕ್ಕದವನ ದನಿ ಮುಳುಗುವಂತೆ ಅರಚಬಾರದು, ಎಳೆದೆಳೆದು ಹಿಂದೆ ಬೀಳಬಾರದು. ಮುಂದೆ ಹಾಡುವವರ ದನಿಯನ್ನು ಹಿಂಬಾಲಿಸಿ ಎನ್ನುತ್ತಾನೆ. ಹಾಡುವ ಕೆಲಸವನ್ನು ಅವರಿಗೇ ಬಿಟ್ಟು ಕೂತುಕೊಳ್ಳಿ ಎನ್ನುವುದಿಲ್ಲ. ನಮ್ಮ ಎಷ್ಟೋ ಕ್ವಾಯರ್‌ಗಳು ಈ ಪರೀಕ್ಷೆಯಲ್ಲೇ ಫೇಲಾಗುತ್ತವೆ.

ಜನ ಬಾಯಿ ಬಿಡದಿರುವುದಕ್ಕೆ ಸೋಮಾರಿತನವೊಂದೇ ಕಾರಣವಲ್ಲ. ಕನ್ನಡ ಮಾತ್ರೆಯ ಭಾಷೆ, ಗುರು ಲಘುಗಳ ಲೆಕ್ಕ ನಮ್ಮ ಕಿವಿಯಲ್ಲೇ ಕೂತಿದೆ. ಇಂಗ್ಲಿಷ್, ಜರ್ಮನ್ ಸ್ತೋತ್ರಗಳ ಧಾಟಿ ಹುಟ್ಟಿದ್ದು ಒತ್ತಿನ ಮೇಲೆ. ಆ ಧಾಟಿಯನ್ನು ಹಾಗೇ ಇಟ್ಟುಕೊಂಡು ಸಾಲಿಗಿಷ್ಟು ಅಕ್ಷರ ಎಂದು ಎಣಿಸಿ ಕನ್ನಡ ತುಂಬಿದರೆ ಲಘುವಿನ ಮೇಲೆ ಉದ್ದನೆಯ ಸ್ವರ ಬಂದು ಕೂರುತ್ತದೆ. ಬಿಡು ಎಂದದ್ದು ಬೀಡು ಎಂದು ಕೇಳಿಸುತ್ತದೆ, ಮನ ಹೋಗಿ ಮಾನವಾಗುತ್ತದೆ. ಕೀರ್ತನೆಯಲ್ಲೂ ಅಕ್ಷರ ಎಳೆಯುವುದಿಲ್ಲವೇ ಎಂದು ಕೇಳಬಹುದು. ಎಳೆಯುತ್ತಾರೆ, ಆದರೆ ಎಲ್ಲಿ ಎಳೆಯಬೇಕು, ಎಲ್ಲಿ ಮುರಿಯಬಾರದು ಎನ್ನುವ ಆಯ್ಕೆ ಹಾಡುವವನ ಕೈಯಲ್ಲಿರುತ್ತದೆ. ಸ್ತೋತ್ರದ ನಡೆ ಯಾರಿಗೂ ನಿಲ್ಲುವುದಿಲ್ಲ. ಅರ್ಥ ಕೆಟ್ಟ ಸಾಲನ್ನು ಮುದುಕಿಯೊಬ್ಬಳು ಹಾಡದೆ ತುಟಿಯಷ್ಟೇ ಆಡಿಸಿದರೆ ತಪ್ಪು ಅವಳದೇ?

ಈ ತೊಡಕು ಫರ್ಡಿನೆಂಡ್ ಕಿಟೆಲ್‌ಗೆ ಬೇಗನೆ ತಿಳಿದಿತ್ತು. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದ ಅವರು 1862ರಲ್ಲಿ ಯೇಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸಿಗೆ, ನಮ್ಮ ಸಂಗೀತದ ಧಾಟಿಗೆ ಹೊಂದಿಸಿ ‘ಕಥಾಮಾಲೆ’ ಬರೆದರು. ನಾಗವರ್ಮನ ಛಂದೋಂಬುಧಿಯನ್ನು ಅವರು ಸಂಪಾದಿಸಿ ಹೊರತಂದದ್ದು 1875ರಲ್ಲಿ. ಅಂದರೆ ಅದಕ್ಕೆ 13 ವರ್ಷ ಮೊದಲೇ ಕನ್ನಡದ ನಡೆಗೆ ಮಣಿದು ಬರೆಯುವ ಧೈರ್ಯ ಮಾಡಿದ್ದರು. ಧಾಟಿಯನ್ನು ಬಿಟ್ಟು ಭಾಷೆಯನ್ನು ಹಿಡಿದದ್ದು ಅವರ ದೊಡ್ಡತನ. ಆದರೂ ಕಿಟೆಲ್ ಎಂದರೆ ನಮಗೆ 1894ರ ನಿಘಂಟು ನೆನಪಾಗುತ್ತದೆ, ಕಥಾಮಾಲೆಯಲ್ಲ. ನನ್ನ ಮಟ್ಟಿಗೆ ಅದು ಛಂದಸ್ಸು ಬಲ್ಲವನು ಹಾಡಿ, ಉಳಿದವರು ಕೇಳಬೇಕಾದ ಕೃತಿ. ಕೇಳುಗರನ್ನು ಹಾಡುಗರನ್ನಾಗಿ ಮಾಡಲು ವಿದ್ವತ್ತು ಸಾಲದು. ಅದಕ್ಕೆ ವಾರವಾರವೂ ಕೂತು ತಿದ್ದುವ ಒಬ್ಬ ಮಾಸ್ಟರ್ ಬೇಕು.

ಹಾಗೆಂದು ರಾಗ, ತಾಳ ಹಾಕಿದ ಕೂಡಲೇ ಹಾಡು ನಮ್ಮದಾಯಿತೆಂದು ತೀರ್ಮಾನಿಸುವಂತೆಯೂ ಇಲ್ಲ. ಯಾರ ರಾಗ ಎಂಬ ಪ್ರಶ್ನೆ ಉಳಿದೇ ಇರುತ್ತದೆ. ಮಧುರೆಯ ತಮಿಳುನಾಡು ಥಿಯಲಾಜಿಕಲ್ ಸೆಮಿನರಿಯಲ್ಲಿ ಪಾಠ ಹೇಳುತ್ತಿದ್ದ, ಪರಟ್ಟೈ ಎಂಬ ಹೆಸರಿನಿಂದಲೂ ಪ್ರಸಿದ್ಧರಾಗಿದ್ದ ಥಿಯೊಫಿಲಸ್ ಅಪ್ಪಾವು ಈ ಪ್ರಶ್ನೆಯನ್ನು ಮುಲಾಜಿಲ್ಲದೆ ಎತ್ತಿದರು. ಪಾಶ್ಚಾತ್ಯ ಸ್ತೋತ್ರದ ಜೊತೆ ಮಿಷನರಿಯ ದೊಡ್ಡಸ್ತಿಕೆ ಬಂದಿದ್ದರೆ, ಶಾಸ್ತ್ರೀಯ ಕೀರ್ತನೆಯ ಜೊತೆ ಜಾತಿಯ ಮೇಲರಿಮೆ ಬಂದಿದೆ ಎಂಬುದು ಅವರ ವಾದ. 2005ರಲ್ಲಿ ತೀರಿಕೊಳ್ಳುವವರೆಗೂ ಅವರು ಜನಪದ ಧಾಟಿಯಲ್ಲೇ ಹಾಡು ಕಟ್ಟಿದರು, ಆರಾಧನಾ ಕ್ರಮವನ್ನೇ ಆ ಧಾಟಿಗೆ ತಂದರು. ಜನಪದ ಹಾಡಿಗೆ ದುಡ್ಡು ಬೇಡ, ಓದು ಬರಹ ಬೇಡ. ಹಾಡುವವರು ಬೇಕಾದಂತೆ ಸಾಲು ಬದಲಿಸಿಕೊಳ್ಳಬಹುದು, ಅದೇ ಅಪ್ಪಾವು ಅವರಿಗೆ ಹೆಚ್ಚು ಇಷ್ಟವಾದ ಗುಣ. ಕೋಲಾಟದ ಪದ, ಸೋಬಾನೆ, ತಮಟೆ ಇರುವ ನಮ್ಮ ಬಯಲುಸೀಮೆಯ ಮಾಸ್ಟರರಿಗೆ ಕಿಟೆಲ್‌ಗಿಂತ ಇವರೇ ಹತ್ತಿರದ ಗುರು ಎಂದು ನನ್ನ ನಂಬಿಕೆ. ಸಂಗೀತ ಪರೀಕ್ಷೆ ಪಾಸು ಮಾಡಿದ ಮಾಸ್ಟರರು ಇದನ್ನು ಸುಲಭವಾಗಿ ಒಪ್ಪಲಾರರು. ತಮಟೆ ಚರ್ಚಿನೊಳಗೆ ಬಂದರೆ ಭಕ್ತಿ ಕೆಡುತ್ತದೆ ಎನ್ನುವವರು ಅದೇ ಚರ್ಚಿನೊಳಗೆ ಡ್ರಮ್ ಸೆಟ್ ಇಡುತ್ತಾರೆ!

ರೋಮಿನ ಕಥೆಯೂ ಹೀಗೇ. 1903ರಲ್ಲಿ ಪೋಪ್ ಹತ್ತನೇ ಪಯಸ್ ಚರ್ಚಿನಲ್ಲಿ ಪಿಯಾನೊ ಬೇಡ, ಡ್ರಮ್ ಬೇಡ, ಕ್ವಾಯರಿನಲ್ಲಿ ಹೆಂಗಸರೂ ಬೇಡ ಎಂದರು. 1963ರ ಡಿಸೆಂಬರಿನಲ್ಲಿ ಎರಡನೇ ವ್ಯಾಟಿಕನ್ ಸಭೆ, ಮಿಷನ್ ನಾಡುಗಳ ಜನರಿಗೆ ಅವರದೇ ಸಂಗೀತ ಪರಂಪರೆ ಇರುತ್ತದೆ, ಅದಕ್ಕೆ ತಕ್ಕ ಮನ್ನಣೆ ಸಿಗಬೇಕು ಎಂದಿತು. ಮನ್ನಣೆ ಸಿಕ್ಕಿತು, ಹೆಂಗಸರೂ ಬಂದರು. ಇವತ್ತು ಎಷ್ಟೋ ಊರುಗಳಲ್ಲಿ ಕ್ವಾಯರ್ ನಿಂತಿರುವುದೇ ಅವರ ದನಿಯ ಮೇಲೆ.

ಮಾಸ್ಟರರ ದಿನಚರಿಯ ಬಗ್ಗೆ ಹೊಗಳಿಕೆ ಕೇಳಿದಷ್ಟು ವಿವರ ಕೇಳಿಲ್ಲ. ಹಳ್ಳಿಯ ಕಡೆ ಅವರು ಸಾಮಾನ್ಯವಾಗಿ ಮೇಷ್ಟ್ರೋ ಗುಮಾಸ್ತರೋ ಆಗಿರುತ್ತಾರೆ. ಪ್ರ್ಯಾಕ್ಟೀಸಿಗೆ ನಾಲ್ವರು ಬಂದರೆ ಟೆನರ್ ಇಲ್ಲ, ಆರು ಜನ ಬಂದರೆ ಕರೆಂಟ್ ಇಲ್ಲ. ದೊಡ್ಡವರ ಪಾಡೂ ಇದಕ್ಕಿಂತ ಬೇರೆಯಲ್ಲ. ಲೈಪ್‌ಜಿಗ್‌ನಲ್ಲಿ ಈ ಕೆಲಸ ಮಾಡುತ್ತಿದ್ದ ಬಾಖ್ 1730ರ ಆಗಸ್ಟಿನಲ್ಲಿ ನಗರಸಭೆಗೆ ಮನವಿ ಬರೆದು, ತನ್ನ ಕೈಕೆಳಗಿನ ಹುಡುಗರಲ್ಲಿ 17 ಮಂದಿ ಕೆಲಸಕ್ಕೆ ಬರುತ್ತಾರೆ, 20 ಮಂದಿ ಇನ್ನೂ ಕಲಿಯಬೇಕು, 17 ಮಂದಿ ಯಾವುದಕ್ಕೂ ಆಗುವುದಿಲ್ಲ ಎಂದು ಲೆಕ್ಕ ಒಪ್ಪಿಸಿದ್ದ. ಅಂಥ ಬಾಖ್‌ಗೇ ಮೂರರಲ್ಲಿ ಒಂದು ಪಾಲು ಸಿಕ್ಕಿದ್ದರೆ ನಮ್ಮ ಮಾಸ್ಟರರ ಮೇಲೆ ರೇಗುವ ಮೊದಲು ಸ್ವಲ್ಪ ತಾಳಬೇಕು.

ರೇಗಬೇಕಾದ ಸಂಗತಿ ಒಂದಿದೆ, ಕೀಬೋರ್ಡ್. ಹಾರ್ಮೋನಿಯಂ ಯುರೋಪಿನದೇ ಆದರೂ, 1842ರಲ್ಲಿ ಪ್ಯಾರಿಸಿನಲ್ಲಿ ಪೇಟೆಂಟ್ ಪಡೆದ ಆ ಪೆಟ್ಟಿಗೆ ನಮ್ಮಲ್ಲಿ ನೆಲಕ್ಕಿಳಿದು ಭಜನೆಗೂ ಚರ್ಚಿಗೂ ಸಮನಾಗಿ ಒಗ್ಗಿತು. ತಿದಿ ಒತ್ತುವವನು ಹಾಡುವವರ ಉಸಿರು ನೋಡಿಕೊಂಡೇ ಒತ್ತುತ್ತಾನೆ. ಕೀಬೋರ್ಡಿನ ಸಿದ್ಧತಾಳಕ್ಕೆ ಉಸಿರೇ ಇಲ್ಲ. ಬಟನ್ ಒತ್ತಿದರೆ ದುಃಖದ ಹಾಡಿಗೂ ಅದೇ ಡಿಸ್ಕೊ ಬಡಿತ, ಅದರ ಮೇಲೆ ಸಿನಿಮಾ ಧಾಟಿ, ಅದರ ಮೇಲೆ ಮೈಕು. ಹಿಂದಿನ ಬೆಂಚಿಗೆ ತನ್ನ ದನಿಯೇ ತನಗೆ ಕೇಳಿಸದಾಗ ಅದು ಸುಮ್ಮನಾಗುತ್ತದೆ. ಮಾಸ್ಟರರು ಮೊದಲು ಮಾಡಬೇಕಾದ ಕೆಲಸ ಮೈಕಿನ ದನಿ ಇಳಿಸುವುದು.

ಹಾಗಾದರೆ ನಾಲ್ಕು ದನಿಯ ಹಾಡು ಬೇಡವೇ ಎಂದರೆ, ಬೇಕು. ಸೊಪ್ರಾನೊದ ಕೆಳಗೆ ಬೇಸ್ ತುಂಬಿಕೊಂಡು ಬರುವ ಸುಖ ನಮ್ಮ ಏಕಶ್ರುತಿಯ ಹಾಡಿನಲ್ಲಿಲ್ಲ, ಅದನ್ನು ಬಿಟ್ಟುಕೊಡುವುದು ನಷ್ಟವೇ. ಗುಡ್ ಫ್ರೈಡೆಯಂದು ಒಂದು, ಈಸ್ಟರಿಗೆ ಒಂದು, ತಿಂಗಳುಗಟ್ಟಲೆ ಕಲಿತು ಮಾತು ಸ್ಪಷ್ಟವಾಗಿ ಕೇಳಿಸುವಂತೆ ಹಾಡಲಿ. ಆಗ ಸಭೆ ಸುಮ್ಮನೆ ಕೂತು ಕೇಳಿದರೆ ತಪ್ಪಲ್ಲ. ಉಳಿದ ಭಾನುವಾರಗಳಲ್ಲಿ ಒಂದೇ ದನಿ ಸಾಕು. ಶ್ರುತಿಯನ್ನು ಎರಡು ಮನೆ ಕೆಳಗಿಳಿಸಿ, ಮಾಸ್ಟರರು ಕ್ವಾಯರಿನ ಕಡೆ ಬೆನ್ನು ತಿರುಗಿಸಿ ಸಭೆಗೆ ಎದುರಾಗಿ ನಿಂತು, ಸಾಲು ಎತ್ತಿಕೊಡಲಿ.