ಸೋಮವಾರದ ಎತ್ತು, ಸಬ್ಬತ್ತಿನ ತೆನೆ

ಹುನ್ನೂರಿನಲ್ಲಿ ನನ್ನಪ್ಪ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಬಿತ್ತಿಗೆಯ ಹದ ತಪ್ಪುತ್ತಿದ್ದರೂ ಸರಿ, ಅದು ಬಸವಣ್ಣನ ದಿನ.

ಕನ್ನಡ ಬೈಬಲ್ಲಿನ ಅನುವಾದಕರು ಬಲಿಯರ್ಪಣೆಗೆ 'ಯಜ್ಞ', 'ಸರ್ವಾಂಗಹೋಮ' ಎಂಬ ವೈದಿಕ ಪದಗಳನ್ನು ಆರಿಸಿಕೊಂಡರು. ಬಿಡುವಿನ ದಿನಕ್ಕೆ ಮಾತ್ರ ಹೀಬ್ರೂವಿನ 'ಸಬ್ಬತ್' ಹಾಗೇ ಉಳಿಯಿತು. ತ್ಯಾಗ ನಮ್ಮದೆನಿಸಿತು, ಬಿಡುವು ಪರಕೀಯವಾಯಿತು. ಇದು ನನ್ನ ತಕರಾರು. ಧರ್ಮೋಪದೇಶಕಾಂಡದ 5ನೇ ಅಧ್ಯಾಯ ಓದಿದರೆ ಆ ಬಿಡುವು ಆಳಿಗೂ ಎತ್ತಿಗೂ ಸಲ್ಲಬೇಕಾದದ್ದು. ಅಪ್ಪನ ಸೋಮವಾರಕ್ಕೆ ತೀರ ಹತ್ತಿರದ್ದು.

ಮತ್ತಾಯನ ಸುವಾರ್ತೆಯ 12ನೇ ಅಧ್ಯಾಯದಲ್ಲಿ ದುಡಿಮೆ, ಬಿಡುವು, ಬಲಿ ಮೂರೂ ಒಂದೇ ಹೊಲದಲ್ಲಿ ಸೇರುತ್ತವೆ. ಹಸಿದ ಶಿಷ್ಯರು ಸಬ್ಬತ್ತಿನಂದು ತೆನೆ ಕಿತ್ತು ತಿನ್ನುತ್ತಾರೆ. ತಪ್ಪು ಹಿಡಿದ ಫರಿಸಾಯರಿಗೆ ಯೇಸು, ಯಜ್ಞಕ್ಕಿಂತ ಕರುಣೆ ದೊಡ್ಡದೆಂಬ ಹೋಶೇಯ ಪ್ರವಾದಿಯ ಮಾತನ್ನು ನೆನಪಿಸುತ್ತಾನೆ. ಬಿಡುವು ಬರಿಯ ಕಟ್ಟಳೆಯಾದರೆ ಅದೂ ಬಲಿ ಕೇಳುತ್ತದೆ; ಬಲಿಯಾಗುವವನು ಹಸಿದವನೇ.

ಅಪ್ಪನ ಸೋಮವಾರದಲ್ಲೂ ಈ ಬಿರುಕಿತ್ತು. ಎತ್ತು ಗ್ವಾದಲಿಯ ಮುಂದೆ ಮೆಲುಕು ಹಾಕುತ್ತಿದ್ದರೆ ಅವ್ವ ಅದಕ್ಕೆ ಮೇವು ಹೊರುತ್ತಿದ್ದಳು. ಮೋಶೆಯ ಆಜ್ಞೆಯಲ್ಲೂ ಅಷ್ಟೇ: ಮಗ, ಮಗಳು, ದಾಸ, ದಾಸಿ, ಎತ್ತು, ಪರದೇಶಿ ಎಲ್ಲರೂ ಇದ್ದಾರೆ, ಹೆಂಡತಿಯ ಹೆಸರಿಲ್ಲ. ಅವಳ ದುಡಿಮೆಯನ್ನು ನಾವು ತ್ಯಾಗವೆಂದು ಹೊಗಳಿ ಸುಮ್ಮನಾದೆವು. ಮತ್ತಾಯನ ಆ ಕರುಣೆಯನ್ನು ನಾನೀಗ ಅವ್ವನ ಕಡೆಯಿಂದಲೇ ಓದುತ್ತೇನೆ.