ಗೊಗ್ಗವ್ವೆಯ ಪ್ರಶ್ನೆ

ಶರಣಧರ್ಮವು ಸ್ತ್ರೀಪುರುಷರಿಬ್ಬರಿಗೂ ಇಷ್ಟಲಿಂಗ ದೀಕ್ಷೆಯನ್ನು ಕರುಣಿಸಿತೆಂಬುದು ಸರ್ವವಿದಿತ. ಆದರೆ ಈ ಸಮಾನತೆಗೆ ವಚನಕಾರರು ಯಾವ ವಿಚಾರದ ತಳಹದಿಯನ್ನು ಹಾಕಿದರೆಂಬುದು ವಿವೇಚನಾರ್ಹವಾದುದು.

ಸುರಪುರ ಸೀಮೆಯ ಮುದನೂರಿನ ಜೇಡರ ದಾಸಿಮಯ್ಯನೂ ಧೂಪದ ಕಾಯಕದ ಗೊಗ್ಗವ್ವೆಯೂ ಈ ವಿಷಯವನ್ನೆತ್ತಿಕೊಂಡು ನುಡಿದ ಎರಡು ವಚನಗಳುಂಟು. ದೇಹದ ಕುರುಹುಗಳನ್ನು ಕಂಡು ಲೋಕವು ಹೆಣ್ಣು ಗಂಡೆಂದು ಹೆಸರಿಡುತ್ತದೆಂಬ ಪೀಠಿಕೆ ಎರಡರಲ್ಲಿಯೂ ಸಮಾನ. ಅಲ್ಲಿಂದ ಮುಂದೆ ಹಾದಿ ಕವಲೊಡೆಯುತ್ತದೆ. ದಾಸಿಮಯ್ಯನು ಆತ್ಮಕ್ಕೆ ಆ ಭೇದವಿಲ್ಲವೆಂದು ನಿರ್ಣಯಿಸುತ್ತಾನೆ. ಗೊಗ್ಗವ್ವೆ ನಿರ್ಣಯವನ್ನು ನುಡಿಯುವುದಿಲ್ಲ, ಪ್ರಶ್ನಿಸುತ್ತಾಳೆ; ಅದೂ ಆತ್ಮವನ್ನು ಕುರಿತಲ್ಲ, ಜ್ಞಾನವನ್ನು ಕುರಿತು.

ಈ ವ್ಯತ್ಯಾಸ ಅಲ್ಪವಾದುದಲ್ಲ. ಆತ್ಮವು ಭೇದಾತೀತವೆಂದು ಒಪ್ಪಿಯೂ ಹೆಣ್ಣಿಗೆ ಶಾಸ್ತ್ರಾಧಿಕಾರವನ್ನು ನಿರಾಕರಿಸಿದವರು ನಮ್ಮ ದರ್ಶನಗಳ ಚರಿತ್ರೆಯಲ್ಲಿ ಉಂಟಷ್ಟೆ. ಆತ್ಮದ ಸಮಾನತೆ ಪರಲೋಕದ ಮಾತಾಗಿಯೇ ಉಳಿಯಬಹುದು. ಜ್ಞಾನದ ಸಮಾನತೆಯಾದರೋ ಇಲ್ಲಿಯೇ, ಅನುಭವಗೋಷ್ಠಿಯಲ್ಲಿಯೇ, ಸ್ಥಾನವನ್ನು ಬೇಡುತ್ತದೆ. 1949ರಲ್ಲಿ ಫ್ರಾನ್ಸಿನ ಸಿಮೋನ್ ದ ಬೊವಾ ಹೆಣ್ತನವು ಹುಟ್ಟಿನಿಂದಲ್ಲ, ಸಮಾಜದ ರೂಢಿಯಿಂದ ರೂಪುಗೊಳ್ಳುವುದೆಂದು ವಾದಿಸಿದರು. ಲೋಕವು ಹೆಸರಿಡುವ ಬಗೆಯನ್ನು 12ನೆಯ ಶತಮಾನದ ಶರಣೆ ತನ್ನದೇ ಸಾಧನೆಯ ನೆಲೆಯಲ್ಲಿ ನಿಂತು ಶಂಕಿಸಿದ್ದಳು.

ಇಲ್ಲೊಂದು ಆಕ್ಷೇಪವುಂಟು. ದುಗ್ಗಳೆಯ ಅಂಕಿತ 'ದಾಸಯ್ಯಪ್ರಿಯ ರಾಮನಾಥ'. ಆಯ್ದಕ್ಕಿ ಲಕ್ಕಮ್ಮನದು 'ಮಾರಯ್ಯಪ್ರಿಯ ಅಮರೇಶ್ವರಲಿಂಗ'. ಪತಿಯ ಮೂಲಕವಲ್ಲದೆ ದೈವವನ್ನು ಹೆಸರಿಸದವರಿಗೆ ಸ್ವಾತಂತ್ರ್ಯವೆಲ್ಲಿಯದು? ಆಕ್ಷೇಪ ನಿರಾಧಾರವಲ್ಲ, ಅದನ್ನು ಭಕ್ತಿಯ ಹೆಸರಿನಲ್ಲಿ ಮರೆಮಾಚಲಾಗದು. ಆದರೂ ಹೆಚ್ಚು ಅಕ್ಕಿಯನ್ನು ತಂದ ಮಾರಯ್ಯನನ್ನು ತಿದ್ದಿ ಹಿಂದಿರುಗಿಸಿದವಳು ಅದೇ ಲಕ್ಕಮ್ಮ. ಅಂಕಿತದಲ್ಲಿ ಪತಿ ಮುಂದಿದ್ದರೂ ಅರಿವಿನಲ್ಲಿ ಸತಿಯೇ ಗುರು. ಗೊಗ್ಗವ್ವೆಯ 'ನಾಸ್ತಿನಾಥ'ದಲ್ಲಾದರೋ ಯಾವ ಪುರುಷನ ಹೆಸರೂ ಇಲ್ಲ. ಆದುದರಿಂದ ಶರಣೆಯರೆಲ್ಲರನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ಯುವ ವಿಮರ್ಶೆ ಅವರಿಗೆ ನ್ಯಾಯ ಸಲ್ಲಿಸದು.

1970ರಲ್ಲಿ ಮಾತೆ ಮಹಾದೇವಿಯವರು ಜಗದ್ಗುರು ಪೀಠವನ್ನೇರಿದುದು ಅಪೂರ್ವ ಘಟನೆಯೆನಿಸಿತು. ಎಂಟು ಶತಮಾನಗಳ ಬಳಿಕವೂ ಅದು ಅಪೂರ್ವವೆನಿಸಿದ್ದೇ ಗೊಗ್ಗವ್ವೆಯ ಪ್ರಶ್ನೆಗೆ ನಾವು ಪೂರ್ಣವಾಗಿ ಉತ್ತರಿಸಿಲ್ಲವೆಂಬುದಕ್ಕೆ ಸಾಕ್ಷಿ. ವಾಡಿ, ಶಹಾಬಾದಿನ ಕಡೆ ಹಾಸುಗಲ್ಲು ಹೊರುವ ತಾಯಂದಿರ ದುಡಿಮೆಯನ್ನು ಕಾಯಕವೆಂದು ಕೊಂಡಾಡಿ, ಅವರ ಅರಿವನ್ನು ಮಾತ್ರ ಗೋಷ್ಠಿಯ ಹೊರಗಿರಿಸಿದರೆ ನಾವು ಒಪ್ಪಿದುದು ದಾಸಿಮಯ್ಯನ ನಿರ್ಣಯವನ್ನಷ್ಟೆ. ಗೊಗ್ಗವ್ವೆಯ ಪ್ರಶ್ನೆ ಇನ್ನೂ ಬಾಗಿಲಲ್ಲಿ ನಿಂತಿದೆ.